ವರ್ಷಕ್ಕೆ ಆರು ಕಟ್ಟು ಇದ್ದದ್ದು ಇನ್ನು ನಾಲ್ಕು: ನಮ್ಮ ಚಂದಾದಾರರಿಗೆ ಒಂದು ಪತ್ರ

ಚಿಕ್ಕಮಗಳೂರು

ಪ್ರೀತಿಯ ಚಂದಾದಾರರಿಗೆ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾವು ಅಂಚೆಯಲ್ಲಿ ಕಳಿಸುವ ಕಥೆ, ಬಿಡಿ ಚಿತ್ರ, ಕಾರ್ಡುಗಳ ಕಟ್ಟು ಈ ಏಪ್ರಿಲ್‌ನಿಂದ ವರ್ಷಕ್ಕೆ ಆರು ಸಲ ಬರುವುದಿಲ್ಲ. ನಾಲ್ಕೇ ಸಲ ಬರುತ್ತದೆ. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ. ಒಂದು ಕಟ್ಟಿಗೆ 200 ರೂಪಾಯಿ ಇದ್ದದ್ದು 220 ಆಗುತ್ತದೆ. ವರ್ಷದ ಚಂದಾ 1200 ಇದ್ದದ್ದು 880 ಆಗುತ್ತದೆ. ಆರು ಕಟ್ಟಿಗೆ ಈಗಾಗಲೇ ದುಡ್ಡು ಕಟ್ಟಿದವರಿಗೆ ಆರೂ ಕಟ್ಟು ಹಳೇ ಬೆಲೆಗೇ ಬರುತ್ತವೆ. ಎಲ್ಲ ಕೈ ಸೇರಲು ಒಂದೂವರೆ ವರ್ಷ ಹಿಡಿಯುತ್ತದೆ, ಅಷ್ಟೆ. ಅಷ್ಟು ದಿನ ಕಾಯಲು ಇಷ್ಟವಿಲ್ಲದವರು ಒಂದು ಮಾತು ತಿಳಿಸಿದರೆ ಸಾಕು. ಉಳಿದ ಹಣ 15 ದಿನದೊಳಗೆ ವಾಪಸ್ ಕಳಿಸುತ್ತೇವೆ. ಯಾಕೆ ಬೇಡ ಅಂತ ಕೇಳುವುದಿಲ್ಲ.

ನಾವು ಯಾಕೆ ಹೀಗೆ ಮಾಡುತ್ತಿದ್ದೇವೆ ಅನ್ನುವುದನ್ನು ಮಾತ್ರ ನಿಮಗೆ ಹೇಳಲೇಬೇಕು. ನಿಮ್ಮಲ್ಲಿ ಎಷ್ಟೋ ಜನ ಮೊದಲ ಕಟ್ಟಿನಿಂದಲೂ ಜೊತೆಗಿದ್ದೀರಿ. ಸ್ವಲ್ಪ ಉದ್ದದ ಪತ್ರ ಇದು. ಬಿಡುವಾದಾಗ ಓದಿ.

ನಮ್ಮ ಸಂಘ ಶುರುವಾದದ್ದು ಸಂಘ ಅಂತ ಅಲ್ಲ. 2020ರ ಲಾಕ್‌ಡೌನ್‌ನಲ್ಲಿ ಬಸ್ಸು ನಿಂತಾಗ ಬರೆಯುವವರು, ಚಿತ್ರ ಬಿಡಿಸುವವರು ಒಂದಷ್ಟು ಜನ ಫೋನಿನಲ್ಲಿ ಸಿಕ್ಕೆವು. ಒಬ್ಬರು ಅರಸೀಕೆರೆ, ಒಬ್ಬರು ಕಳಸ, ಒಬ್ಬರು ಸಕಲೇಶಪುರ. ಆಮೇಲೆ ಕಡೂರು, ಬೇಲೂರು, ಕೊಪ್ಪದವರು ಸೇರಿದರು. ಹೊಲಿಗೆ ಕೆಲಸದವರಿದ್ದಾರೆ, ಮೇಷ್ಟ್ರಿದ್ದಾರೆ, ತೋಟದ ಲೆಕ್ಕ ಬರೆಯುವ ರೈಟರ್ ಇದ್ದಾರೆ. ಪ್ರತಿ ಭಾನುವಾರ ರಾತ್ರಿ ಊಟ ಆದ ಮೇಲೆ ಒಂಬತ್ತಕ್ಕೆ ಎಲ್ಲರೂ ಒಂದೇ ಕಾಲ್‌ಗೆ ಬರುತ್ತಿದ್ದೆವು. ಒಬ್ಬರು ಬರೆದದ್ದು ಓದುವುದು, ಉಳಿದವರು ಕೇಳುವುದು. ಆಮೇಲೆ ಮಾತು. ಹನ್ನೊಂದಾದರೂ ಮುಗಿಯುತ್ತಿರಲಿಲ್ಲ. ಕಥೆಯಿಂದ ಹೊರಟ ಮಾತು ಹಲಸಿನ ಹಪ್ಪಳಕ್ಕೆ ಹೋಗಿ, ಮಗುವಿನ ಜ್ವರಕ್ಕೆ ಹೋಗಿ, ಮತ್ತೆ ಕಥೆಗೆ ಬರುತ್ತಿತ್ತು.

ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಬರೆದರು, ಹಕ್ಕಿಗಳ ಫೋಟೋ ತೆಗೆದರು, ಚಿತ್ರವನ್ನೂ ಬಿಡಿಸಿದರು. ಎಲ್ಲ ಒಂದೇ ಕೈ. ನಮ್ಮಲ್ಲಿ ಯಾರಿಗೂ ಅಂಥ ಕೈ ಇಲ್ಲ. ಬರೆಯುವವರಿಗೆ ಗೆರೆ ಎಳೆಯಲು ಬರುವುದಿಲ್ಲ, ಗೆರೆ ಎಳೆಯುವವರು ನಾಲ್ಕು ಸಾಲು ಬರೆಯಲು ಹೆದರುತ್ತಾರೆ. ಅದಕ್ಕೇ ನಮಗೆ ಒಬ್ಬರಿಗೊಬ್ಬರು ಬೇಕು. ಸುಮ್ನೆ ಹೊಗಳುವುದಕ್ಕಲ್ಲ, ಕೆಲಸ ಆಗುವುದಕ್ಕೇ ಬೇಕು.

ಒಂದು ಉದಾಹರಣೆ ಹೇಳುತ್ತೇನೆ. ಅರಸೀಕೆರೆಯ ಅಕ್ಕ ಬರೆದ ಒಂದು ಕಥೆ ನಿಮಗೆ ನೆನಪಿರಬಹುದು. ಜಂಕ್ಷನ್‌ನ ಪ್ಲಾಟ್‌ಫಾರ್ಮಿನಲ್ಲಿ ವಯಸ್ಸಾದ ಒಬ್ಬರು ಮಗಳಿಗಾಗಿ ಕಾಯುವ ಕಥೆ. ಚಿತ್ರ ಬಿಡಿಸಬೇಕಾದವನು ಕಳಸದ ಹುಡುಗ. ಅವನ ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. ಹಿಂದಿನ ಅಡಿಕೆ ಅಂಗಳದ ಮೂಲೆಗೆ ಹೋಗಿ ನಿಲ್ಲಬೇಕು. ಮಳೆಗಾಲದಲ್ಲಿ ಕೊಡೆ ಹಿಡಿದು ನಿಲ್ಲುತ್ತಾನೆ. ಅವನ ದನಿಗಿಂತ ಮೊದಲು ಕೊಡೆ ಮೇಲೆ ಬೀಳುವ ಮಳೆ ನಮಗೆ ಕೇಳುತ್ತದೆ.

ಅಕ್ಕ ಕಥೆ ಓದಿ ಮುಗಿಸಿದರು. ಚೆನ್ನಾಗಿದೆ ಅಂತ ಎಲ್ಲರೂ ಅಂದೆವು. ಇವನು ಮಾತ್ರ, "ಅಕ್ಕಾ, ಅವರ ಕೈಲಿ ಏನಿದೆ?" ಅಂತ ಕೇಳಿದ.

"ಯಾಕೋ?"

"ಕೈ ಬಿಡಿಸ್ಬೇಕಲ್ಲ. ಖಾಲಿ ಬಿಟ್ರೆ ಸುಮ್ನೆ ಕೂತಂಗೆ ಕಾಣುತ್ತೆ, ಕಾಯ್ತಿರೋ ಥರ ಕಾಣಲ್ಲ."

ಅಕ್ಕನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಭಾನುವಾರವೂ ಇರಲಿಲ್ಲ. ಮೂರನೇ ವಾರ, ಇನ್ನೂ ಯಾರೂ ಸರಿಯಾಗಿ ಸೇರುವ ಮೊದಲೇ ಹೇಳಿದರು. "ಕೊಡೆ ಕಣೋ. ಹೆಂಗಸರ ಕೊಡೆ. ಹೋದ ಮಳೆಗಾಲದಲ್ಲಿ ಮಗಳು ಬಿಟ್ಟು ಹೋಗಿದ್ದು. ಬಿಸಿಲಲ್ಲೂ ಅದನ್ನ ಹಿಡ್ಕೊಂಡೇ ಸ್ಟೇಷನ್‌ಗೆ ಬರ್ತಾರೆ." ಎಲ್ಲಿಂದ ಹೊಳೆಯಿತು ಅಂತ ನಾನು ಕೇಳಿದೆ. "ಇವನು ಮಾತಾಡುವಾಗೆಲ್ಲ ಕೊಡೆ ಮೇಲೆ ಮಳೆ ಸದ್ದು ಕೇಳ್ತಾ ಇರುತ್ತಲ್ಲ, ಅದರಿಂದಲೇ" ಅಂದರು.

ಆ ಕೊಡೆಗಾಗಿ ಕಥೆಯ ಕೊನೆ ಎರಡು ಪುಟ ಹೊಸದಾಗಿ ಬರೆದರು. ನಿಮ್ಮಿಂದ ಅತಿ ಹೆಚ್ಚು ಕಾಗದ ಬಂದದ್ದು ಆ ಕಟ್ಟಿಗೇ. ಮೂರು ಭಾನುವಾರ ಸುಮ್ಮನೆ ಮಾತಾಡುತ್ತಾ ಕೂರದಿದ್ದರೆ ಆ ಕೊಡೆ ಇರುತ್ತಿರಲಿಲ್ಲ.

ಆಮೇಲೆ ಚಂದಾದಾರರು ಹೆಚ್ಚಿದರು. ಸಂತೋಷವೇ. ಆದರೆ ಎರಡು ತಿಂಗಳಿಗೊಂದು ಕಟ್ಟು ಅಂದರೆ ಕೆಲಸ ಹೇಗೆ ಓಡುತ್ತದೆ ನೋಡಿ. ಕಥೆ ಆಗಬೇಕು, ಚಿತ್ರ ಆಗಬೇಕು, ಡಿಟಿಪಿ, ಪ್ರೂಫು, ಹಾಸನದ ಪ್ರೆಸ್ಸಿಗೆ ಹೋಗಬೇಕು, ಅಲ್ಲಿಂದ ಬಂದದ್ದನ್ನು ಮಡಚಿ, ಹೊಲಿದು, ವಿಳಾಸ ಅಂಟಿಸಿ ಅಂಚೆಗೆ ಹಾಕಬೇಕು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ತಲೆ ಮೇಲೆ. ಭಾನುವಾರದ ಕಾಲ್ ಮೊದಲು ಹದಿನೈದು ದಿನಕ್ಕೊಮ್ಮೆ ಆಯಿತು. ಆಮೇಲೆ ಮುಕ್ಕಾಲು ಗಂಟೆಯ ಮೀಟಿಂಗ್ ಆಯಿತು. ಕೊನೆಗೆ ಅದೂ ಇಲ್ಲ. ಗ್ರೂಪಿನಲ್ಲಿ ಬರೀ "ಫೈಲ್ ಕಳಿಸಿ", "ಸೈಜ್ ಎಷ್ಟು", "ನಾಳೆ ಲಾಸ್ಟ್ ಡೇಟ್". ಯಾರಾದರೂ ಹೊಸ ಚಿತ್ರ ಹಾಕಿದರೆ ಅದರ ಕೆಳಗೆ ಹೆಬ್ಬೆರಳು, ಹೃದಯ. ಯಾರೂ "ಅವರ ಕೈಲಿ ಏನಿದೆ" ಅಂತ ಕೇಳಲಿಲ್ಲ.

ಅದರ ಫಲ ನಿಮ್ಮ ಕೈಗೇ ಬಂತು. ಹೋದ ವರ್ಷದ ಒಂದು ಕಟ್ಟಿನಲ್ಲಿ ಅರೇಬಿಕಾ ತೋಟದ ಕಥೆ ಇತ್ತು. ಏಪ್ರಿಲ್ ತಿಂಗಳು, ಹೂಮಳೆ ಬಿದ್ದು ಗಿಡವೆಲ್ಲ ಬೆಳ್ಳಗೆ ಹೂ ಬಿಟ್ಟ ದಿನ ನಡೆಯುವ ಕಥೆ. ಪಕ್ಕದ ಪುಟದ ಚಿತ್ರದಲ್ಲಿ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೆಂಪು ಹಣ್ಣು ಕುಯ್ಯುತ್ತಿದ್ದಾರೆ! ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ ಅಂತ ಈ ಜಿಲ್ಲೆಯ ಮಕ್ಕಳಿಗೂ ಗೊತ್ತು. ನಮ್ಮ ಚಂದಾದಾರರೊಬ್ಬರು ಕಾರ್ಡು ಬರೆದರು: "ಕಥೆ ಬರೆದವರೂ ಚಿತ್ರ ಬಿಡಿಸಿದವರೂ ಒಂದು ಸಲವಾದರೂ ಮಾತಾಡಿದ್ದೀರಾ?" ವಿಚಾರಿಸಿದೆ. ಮಾತಾಡಿರಲಿಲ್ಲ. ಕಥೆ ಪೂರ್ತಿ ಕಳಿಸಲು ಪುರುಸೊತ್ತಿಲ್ಲದೆ "ಕಾಫಿ ತೋಟ, ಹೆಂಗಸರು" ಅಂತ ಮೂರು ಪದದ ಮೆಸೇಜ್ ಹೋಗಿತ್ತು. ಆ ತಪ್ಪು ಅವರಿಬ್ಬರದ್ದಲ್ಲ, ಅವಸರ ಮಾಡಿದವಳು ನಾನು. ಕಾರ್ಡು ಬರೆದವರಿಗೆ ನಾನು ಋಣಿ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅದು ನಿಮಗೆ ಕಾಣುವಂಥದ್ದಲ್ಲ. ಹೇಳದಿದ್ದರೂ ನಡೆಯುತ್ತಿತ್ತು. ಆದರೂ ಹೇಳಬೇಕು ಅನ್ನಿಸಿದೆ, ಯಾರ ವಿಷಯವೋ ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ನಮ್ಮ ಕಡೂರಿನ ತಂಗಿ ಲಿನೋ ಅಚ್ಚಿನ ಚಿತ್ರ ಮಾಡುತ್ತಾಳೆ, ಅಂದರೆ ಲಿನೋಲಿಯಂ ಹಾಳೆ ಕೊರೆದು, ಮಸಿ ಹಚ್ಚಿ ಕಾಗದಕ್ಕೆ ಒತ್ತುವ ಚಿತ್ರ. ನಿಮ್ಮಲ್ಲಿ ಎಷ್ಟೋ ಜನ ಫ್ರೇಮ್ ಹಾಕಿಸಿಟ್ಟಿರುವ ರಾಗಿ ಹೊಲದ ಕಾರ್ಡು ಅವಳದ್ದೇ. ಹೋದ ವರ್ಷ ಎರಡು ತಿಂಗಳು ಅವಳಿಂದ ಒಂದು ಚಿತ್ರವೂ ಬರಲಿಲ್ಲ. ಗ್ರೂಪಿನಲ್ಲಿ ಎರಡು ಸಲ ನೆನಪು ಮಾಡಿದೆವು. ಉತ್ತರ ಬರದಿದ್ದಾಗ ಬೇರೆಯವರಿಂದ ಚಿತ್ರ ತರಿಸಿಕೊಂಡು ಮುಂದೆ ಹೋದೆವು. ಆಮೇಲೆ ಗೊತ್ತಾಯಿತು, ಅವಳ ತಾಯಿಗೆ ಪಾರ್ಶ್ವವಾಯು ಹೊಡೆದಿತ್ತು. ಆ ಎರಡು ತಿಂಗಳೂ ಅವಳು ಹಾಸನದ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದಳು. ಒಬ್ಬಳೇ. ಫೋನ್ ಮಾಡಿ, "ಯಾಕೆ ಹೇಳಲಿಲ್ಲ ತಾಯಿ?" ಅಂದೆ. "ನೀವೆಲ್ಲ ಕಟ್ಟಿನ ಕೆಲಸದಲ್ಲಿದ್ರಲ್ಲ ಅಕ್ಕಾ, ಮಧ್ಯದಲ್ಲಿ ಇದನ್ನ ಎಲ್ಲಿ ಹೇಳೋದು ಅನ್ನಿಸ್ತು" ಅಂದಳು.

ಹಿಂದಿನ ಹಾಗೆ ಭಾನುವಾರ ಮಾತು ಇದ್ದಿದ್ದರೆ ಮೊದಲ ವಾರವೇ ಅವಳ ದನಿಯಲ್ಲಿ ಗೊತ್ತಾಗುತ್ತಿತ್ತು. ಹಾಸನದಲ್ಲೇ ನಮ್ಮವರು ನಾಲ್ಕು ಜನ ಇದ್ದಾರೆ. ಸರದಿ ಮೇಲೆ ಹೋಗಿ ಕೂರುತ್ತಿದ್ದರು, ಊಟ ಕೊಟ್ಟು ಬರುತ್ತಿದ್ದರು. ಈಗ ತಾಯಿ ಹುಷಾರಾಗುತ್ತಿದ್ದಾರೆ, ಗೋಡೆ ಹಿಡಿದು ನಡೆಯುತ್ತಾರೆ. ಆದರೆ ಆ ಮಾತು ನಮ್ಮನ್ನು ಬಿಡಲಿಲ್ಲ.

ಡಿಸೆಂಬರ್‌ನಲ್ಲಿ ಹಾಸನದಲ್ಲಿ ಎಲ್ಲರೂ ಸೇರಿದೆವು. ಎಲ್ಲ ಕಡೆಯಿಂದಲೂ ಬಸ್ಸಿದೆ ಅಂತ ಯಾವಾಗಲೂ ಹಾಸನವೇ. ಬೆಳಿಗ್ಗೆಯಿಂದ ಸಂಜೆವರೆಗೆ ಲೆಕ್ಕ ಹಾಕಿದೆವು. ಕಟ್ಟು ಕಡಿಮೆ ಮಾಡಿದರೆ ವರ್ಷದ ವಹಿವಾಟು ಕಡಿಮೆ ಆಗುತ್ತದೆ, ಅದು ಗೊತ್ತು. ಕೆಲವರಿಗೆ ಆ ಹಣ ಬೇಕೇ ಬೇಕು, ಅವರೂ ಬಾಯಿ ಬಿಟ್ಟು ಹೇಳಿದರು. ಅವರಿಗೆ ಕಾರ್ಡು, ನೋಟ್‌ಬುಕ್‌ಗಳ ಮಾರಾಟದಲ್ಲಿ ಜಾಸ್ತಿ ಪಾಲು ಕೊಡುವುದು ಅಂತ ಒಪ್ಪಿಗೆಯಾಯಿತು. ನಾಲ್ಕು ಕಟ್ಟು, ಪ್ರತಿ ಭಾನುವಾರ ಮಾತು. ಭಾನುವಾರದ ಮಾತಿನಲ್ಲಿ ಡೇಟು, ಸೈಜು, ದುಡ್ಡಿನ ವಿಷಯ ಎತ್ತುವ ಹಾಗಿಲ್ಲ. ಅದಕ್ಕೆ ಬುಧವಾರ ಬೇರೆ ಇಟ್ಟಿದ್ದೇವೆ. ಜನವರಿಯಿಂದ ಇದು ನಡೆಯುತ್ತಿದೆ. ಹಾಗಾಗಿ ಭಾನುವಾರ ಸಂಜೆ ಆರರ ಮೇಲೆ ನಮ್ಮ ಆರ್ಡರ್ ಫೋನ್ ಯಾರೂ ಎತ್ತುವುದಿಲ್ಲ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಕಟ್ಟಿನ ಬೆಲೆಯಲ್ಲಿ ಏರಿದ ಆ 20 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಂಚೆಗೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಗಿದೆ. ನಮ್ಮ ಕಟ್ಟು ಈಗ ಸ್ಪೀಡ್ ಪೋಸ್ಟ್‌ನಲ್ಲೇ ಬರುತ್ತಿದೆ, ಖರ್ಚು ಏರಿದೆ. ಪುಸ್ತಕಗಳಿಗೆ ಅಂತ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಇದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ಆದರೆ ನಮ್ಮ ಕಟ್ಟಿನಲ್ಲಿ ಬಿಡಿ ಚಿತ್ರ, ಕಾರ್ಡು ಎಲ್ಲ ಇರುವುದರಿಂದ ಅದನ್ನು ಪುಸ್ತಕ ಅಂತ ಕಳಿಸಲು ಆಗುವುದಿಲ್ಲ. ಹಳೇ ಕಥೆಗಳ ಪುಸ್ತಕ ಮಾತ್ರ ಬೇಕು ಅನ್ನುವವರಿಗೆ ಜ್ಞಾನ ಪೋಸ್ಟ್‌ನಲ್ಲೇ ಹಾಕುತ್ತೇವೆ. ತಲುಪುವುದು ಸ್ವಲ್ಪ ನಿಧಾನ, ಆದರೆ ನಿಮಗೆ ಅಗ್ಗ.

ಉಳಿದದ್ದು ಬರೆದವರಿಗೆ, ಬಿಡಿಸಿದವರಿಗೆ ಸಮಪಾಲು. ಇದುವರೆಗೆ ಬರೆದವರಿಗೆ ಸ್ವಲ್ಪ ಜಾಸ್ತಿ ಹೋಗುತ್ತಿತ್ತು. ಅದು ಸರಿಯಲ್ಲ ಅಂತ ನನಗೆ ಮೊದಲಿಂದಲೂ ಅನ್ನಿಸುತ್ತಿತ್ತು. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಬೆಳಿಗ್ಗೆ ನಮ್ಮವರ ಫೋನ್‌ಗಳು ಒಂದೇ ಸಮನೆ ಬಡಿದುಕೊಂಡವು. ಆ ಪ್ರಶಸ್ತಿಯ ಹಣ ಬರೆದವರಿಗೂ, ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರಿಗೂ ಸಮಸಮ ಅಂತ ಓದಿದಾಗ ನಮ್ಮ ಬೇಲೂರಿನ ಚಿತ್ರಗಾರರು, "ನಮ್ಮಲ್ಲೂ ಹಂಗೇ ಆಗ್ಬೇಕಲ್ವಾ?" ಅಂದಿದ್ದರು. ಆಗ ಎಲ್ಲರೂ ಹೌದು ಅಂದು ಮರೆತುಬಿಟ್ಟೆವು. ಈಗ ಮಾಡಿದ್ದೇವೆ.

ಕಟ್ಟಿನೊಳಗೆ ಒಂದು ಹೊಸದು ಇರುತ್ತದೆ. ಕಥೆಯ ಹಿಂದೆ ಎರಡು ಪುಟ, ಬರೆದವರೂ ಬಿಡಿಸಿದವರೂ ಆಡಿದ ಮಾತು. ಇದ್ದದ್ದು ಇದ್ದ ಹಾಗೆ. ಜಗಳ ಆಡಿದ್ದರೆ ಜಗಳವೂ ಇರುತ್ತದೆ. ಜುಲೈ ಕಟ್ಟಿಗೆ ಸಕಲೇಶಪುರದ ಮೇಷ್ಟ್ರು ಮತ್ತು ಬೇಲೂರಿನ ಚಿತ್ರಗಾರರು ಈಗಾಗಲೇ ನುಗ್ಗೇಹಳ್ಳಿಗೆ ಹೋಗಿ ಬಂದಿದ್ದಾರೆ. 1246ರ ಲಕ್ಷ್ಮೀನರಸಿಂಹ ದೇವಸ್ಥಾನ ಅದು. ಬೈಚೋಜ, ಮಲ್ಲಿತಮ್ಮ ಅಂತ ಇಬ್ಬರು ದೊಡ್ಡ ಶಿಲ್ಪಿಗಳು ಒಂದೇ ಗುಡಿಗೆ ಕೆತ್ತಿದ್ದಾರೆ. ಕೆಲಸ ಮಾಡುವಾಗ ಅವರಿಬ್ಬರೂ ಏನು ಮಾತಾಡಿಕೊಂಡಿರಬಹುದು ಅನ್ನುವುದರ ಮೇಲೆ ಮೇಷ್ಟ್ರು ಕಥೆ ಕಟ್ಟುತ್ತಿದ್ದಾರೆ. ಇಬ್ಬರೂ ಗೆಳೆಯರಾಗಿದ್ದರು ಅಂತ ಮೇಷ್ಟ್ರು. ಅಷ್ಟು ಹತ್ತಿರ ಕೂತು ಕೆತ್ತುವವರು ಮಧ್ಯಾಹ್ನದ ಊಟಕ್ಕೆ ಮಾತ್ರ ಗೆಳೆಯರಾಗಿರುತ್ತಾರೆ ಅಂತ ಚಿತ್ರಗಾರರು. ಮೂರು ಭಾನುವಾರದಿಂದ ಇದೇ ನಡೆದಿದೆ, ಕೇಳಲು ನಮಗೆಲ್ಲ ತುಂಬಾ ಖುಷಿ.

ಪ್ರತಿ ಕಟ್ಟಿನಲ್ಲೂ ಒಂದು ಖಾಲಿ ಅಂಚೆ ಕಾರ್ಡು ಇಡುತ್ತೇವೆ. ಐವತ್ತು ಪೈಸೆಯದ್ದು, ನಮ್ಮ ವಿಳಾಸ ಬರೆದೇ ಇರುತ್ತದೆ. ಏನಾದರೂ ಕೇಳಬೇಕು ಅನ್ನಿಸಿದರೆ ಬರೆದು ಡಬ್ಬಕ್ಕೆ ಹಾಕಿ. ಆ ಕಾಫಿ ಹಣ್ಣಿನ ಕಾರ್ಡಿನ ಥರದ್ದು ಬಂದರೂ ಸರಿಯೇ. ನಿಮ್ಮ ಕಾರ್ಡುಗಳನ್ನು ಭಾನುವಾರ ಎಲ್ಲರಿಗೂ ಓದಿ ಹೇಳುತ್ತೇನೆ. ಯಾರ ಕಥೆಗೋ, ಯಾರ ಚಿತ್ರಕ್ಕೋ ಬಂದದ್ದು, ಅವರೇ ಕೈಯಾರೆ ಉತ್ತರ ಬರೆಯುತ್ತಾರೆ. ಸ್ವಲ್ಪ ತಡವಾಗಬಹುದು. ಆಷಾಢ, ಶ್ರಾವಣದಲ್ಲಿ ಕಳಸ, ಕೊಪ್ಪದ ಕಡೆ ಮರ ಬಿದ್ದು ಕರೆಂಟ್ ಹೋದರೆ ಫೋನ್ ಟವರೂ ಹೋಗುತ್ತದೆ, ಕಾರ್ಡು ಓದಿ ಹೇಳಲು ಇನ್ನೊಂದು ಭಾನುವಾರ ಕಾಯಬೇಕಾಗುತ್ತದೆ.

ಏಪ್ರಿಲ್ ಕಟ್ಟಿನ ಕೆಲಸ ಶುರುವಾಗಿದೆ. ಕಥೆ ಅರಸೀಕೆರೆಯ ಅಕ್ಕನದ್ದು, ಚಿತ್ರ ಕಡೂರಿನ ತಂಗಿಯದ್ದು. ತಾಯಿಗೆ ಮಧ್ಯಾಹ್ನ ನಿದ್ದೆ ಹತ್ತಿದ ಮೇಲೆ ಪಕ್ಕದಲ್ಲೇ ಕೂತು ಲಿನೋ ಕೊರೆಯುತ್ತಿದ್ದಾಳೆ. ಹೋದ ಭಾನುವಾರ ತಾಯಿಯೂ ಫೋನಿಗೆ ಬಂದು, ಮಾತು ಇನ್ನೂ ಸ್ವಲ್ಪ ತೊದಲಿದರೂ, ಎಲ್ಲರಿಗೂ ಊಟ ಆಯ್ತಾ ಅಂತ ಕೇಳಿದರು.

ಕಟ್ಟು ಏಪ್ರಿಲ್ 20ರ ಹೊತ್ತಿಗೆ ಅಂಚೆಗೆ ಬೀಳುತ್ತದೆ. ಮನೆ ಬದಲಾಯಿಸಿದವರು ಅದಕ್ಕೆ ಮೊದಲೇ ಹೊಸ ವಿಳಾಸ ತಿಳಿಸಿ. ಪಿನ್‌ಕೋಡ್ ಬರೆಯುವುದು ಮರೆಯಬೇಡಿ.

ಪ್ರೀತಿಯಿಂದ,
ಸಂಘದ ಎಲ್ಲರ ಪರವಾಗಿ,
ಕಾರ್ಯದರ್ಶಿ