ತೂಕ ಇಳಿಸುತ್ತಿರುವವರು ಪೂರ್ತಿ ಓದಿ
ಎಲ್ಲರಿಗೂ ನಮಸ್ಕಾರ. ಪವರ್‌ಲಿಫ್ಟಿಂಗ್‌ಗೆ ಹೆಸರು ಕೊಟ್ಟವರು ಗಮನಿಸಿ. ಐಪಿಎಫ್ (ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟ) ನಿಯಮದಂತೆ ತೂಕ ನೋಡುವುದು ಸ್ಪರ್ಧೆ ಶುರುವಾಗುವ 2 ಗಂಟೆ ಮೊದಲು. ಹಾಗಾಗಿ ಹಿಂದಿನ ದಿನ ನೀರು ಬಿಟ್ಟು, ಜಾಕೆಟ್ ಹಾಕಿಕೊಂಡು ಓಡಿ, ಬೆವರಿಳಿಸಿ 74 ಕೆಜಿ ವಿಭಾಗಕ್ಕೆ ಬರುವ ಯೋಚನೆ ಬೇಡ. ಅಷ್ಟರಲ್ಲಿ ದೇಹ ಚೇತರಿಸಿಕೊಳ್ಳುವುದಿಲ್ಲ, ಮೊದಲ ಸ್ಕ್ವಾಟ್‌ಗೇ (ಭಾರ ಹೊತ್ತು ಕುಳಿತು ಏಳುವುದು) ಕಾಲು ನಡುಗುತ್ತದೆ. ಅದರ ಮೂರೂ ಪ್ರಯತ್ನ ಕೈಕೊಟ್ಟರೆ, ಎಲ್ಲ ಲಿಫ್ಟ್‌ಗಳನ್ನು ಕೂಡಿಸುವ ಒಟ್ಟು ಲೆಕ್ಕದಿಂದಲೇ ಹೊರಗೆ. 76 ಕೆಜಿ ಇದ್ದೀರಾ? ಮುಂದಿನ 83 ಕೆಜಿ ವಿಭಾಗದಲ್ಲೇ ಎತ್ತಿ, ನಾಚಿಕೆ ಏನಿಲ್ಲ.

ಮೂತ್ರ ಹೆಚ್ಚಿಸುವ ಮಾತ್ರೆ ಯಾರೇ ಕೊಟ್ಟರೂ ಮುಟ್ಟಲೇಬೇಡಿ. ಅದು ನಿಷೇಧಿತ ಮದ್ದು. ಅದಕ್ಕಿಂತ ಮುಖ್ಯವಾಗಿ, ಪೊಟ್ಯಾಸಿಯಂ ಏರುಪೇರಾದರೆ ಹೃದಯದ ಬಡಿತವೇ ತಪ್ಪಬಹುದು. ಬಾಡಿಬಿಲ್ಡಿಂಗ್‌ನವರಿಗೂ ಇದೇ ಮಾತು. ಕೊಬ್ಬನ್ನು ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಿ, ವಾರಕ್ಕೆ ದೇಹತೂಕದ ಶೇ. 0.5ರಿಂದ 1 ಸಾಕು. ಪ್ರೋಟೀನ್ ದಿನಕ್ಕೆ ಕೆಜಿಗೆ 2 ಗ್ರಾಂ ಆಸುಪಾಸು. ಮೊಟ್ಟೆ, ಬಂಗುಡೆ, ಸೋಯಾ, ಮೊಸರು ಯಾವುದಾದರೂ ಸರಿ, ಡಬ್ಬಿ ಪುಡಿಯೇ ಆಗಬೇಕೆಂದಿಲ್ಲ.

ತೂಕ ಕೊಟ್ಟ ಕೂಡಲೇ ಉಪ್ಪು ಹಾಕಿದ ಗಂಜಿ, ಬಾಳೆಹಣ್ಣು. ಹೊಸ ತಿಂಡಿ ಅವತ್ತು ಬೇಡ. ಮೊದಲ ಪ್ರಯತ್ನಕ್ಕೆ ಅಭ್ಯಾಸದಲ್ಲಿ ಒಟ್ಟಿಗೆ ಮೂರು ಸಲ ಸಲೀಸಾಗಿ ಎತ್ತುವ ಭಾರವನ್ನೇ ಬರೆಸಿ. ಗುರುತಿನ ಚೀಟಿ, ಸಿಂಗ್ಲೆಟ್ (ಮೈಗಂಟುವ ಒಂದೇ ತುಂಡಿನ ಸ್ಪರ್ಧೆಯ ಉಡುಪು) ಜೊತೆಗೆ ಮೊಣಕಾಲುದ್ದದ ಕಾಲುಚೀಲವನ್ನೂ ಬ್ಯಾಗಿಗೆ ಹಾಕಿಕೊಳ್ಳಿ, ಡೆಡ್‌ಲಿಫ್ಟ್‌ಗೆ (ನೆಲದಿಂದ ಭಾರ ಎತ್ತುವುದು) ಅದು ಕಡ್ಡಾಯ.