ಬಡಾವಣೆಯ ಕೆರೆಗೆ ಹೊಣೆ ಯಾರದು?

ಮಾನ್ಯ ಸಂಪಾದಕರೇ,

ಬೆಳಗಾವಿಯ ಹೊರವಲಯದಲ್ಲಿ ನಿವೇಶನ ಮಾರುವವರು ಈಚೆಗೆ ‘ಕೆರೆ ದಂಡೆಯ ಮನೆ’ ಎಂಬ ಮಾತನ್ನು ಮುಂದು ಮಾಡುತ್ತಿದ್ದಾರೆ. ಅಂಥದೊಂದು ಬಡಾವಣೆಯ ನಿವೇಶನದಾರರ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಕೆಲಸ ಮಾಡಿದವನಾಗಿ ಈ ಪತ್ರ ಬರೆಯುತ್ತಿದ್ದೇನೆ. ಬಡಾವಣೆ ಕಟ್ಟಿದವರು ಲೆಕ್ಕ ಮುಗಿಸಿ ಹೊರಟ ಮೇಲೆ ರಸ್ತೆ, ಬೀದಿದೀಪ, ಕಾವಲುಗಾರರ ಸಂಬಳದ ಜೊತೆಗೆ ಕೆರೆಯೂ ಸಂಘದ ಹೆಗಲಿಗೆ ಬರುತ್ತದೆ. ಆದರೆ ಅದರ ಕಾಗದಪತ್ರವಾಗಲಿ, ಒಡ್ಡಿನ ನಕ್ಷೆಯಾಗಲಿ, ದುರಸ್ತಿಗೆ ಬೇಕಾದ ಹಣವಾಗಲಿ ಅದರೊಂದಿಗೆ ಬರುವುದಿಲ್ಲ.

ಮೊದಲು ಒಡೆತನದ ಮಾತು. ನಿವಾಸಿಗಳು ‘ನಮ್ಮ ಕೆರೆ’ ಎನ್ನುತ್ತಾರೆ, ಆದರೆ ಉತಾರ (ಪಹಣಿ) ಮತ್ತು ಗ್ರಾಮ ನಕಾಶೆಯನ್ನು ಮುಂದಿಟ್ಟುಕೊಂಡು ನೋಡಿದವರು ಕಡಿಮೆ. ಅದು ಹಳೆಯ ಊರ ಕೆರೆಯಾಗಿದ್ದು ‘ಬಿ’ ಖರಾಬಿನಲ್ಲಿ, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಸಾಗುವಳಿಯಿಲ್ಲದ ಜಮೀನಿನಲ್ಲಿ, ನಮೂದಾಗಿದ್ದರೆ, ಸುತ್ತಲೂ ಎಷ್ಟೇ ಎತ್ತರದ ಆವರಣಗೋಡೆ ಕಟ್ಟಿದರೂ ಅದು ಸರ್ಕಾರದ್ದು. ಗ್ರಾಮದ ಸಾಮೂಹಿಕ ಜಮೀನು ಮತ್ತು ಕೆರೆಕುಂಟೆಗಳ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿದೆ. ಆ ಕೆರೆಗೆ ದನ ಹೊಡೆದುಕೊಂಡು ಬರುವ ಪಕ್ಕದ ಹಳ್ಳಿಯವರನ್ನು ಗೇಟಿನಲ್ಲಿ ತಡೆಯಲು ಸಂಘಕ್ಕೆ ಯಾವ ಹಕ್ಕೂ ಇಲ್ಲ, ತಡೆಯುವುದು ಸರಿಯೂ ಅಲ್ಲ. ಇನ್ನು ಕೆಲವೆಡೆ ಕೆರೆಯಂಚು ಉದ್ಯಾನ ಮತ್ತು ಬಯಲು ಜಾಗದ ಲೆಕ್ಕದಲ್ಲಿ ಸೇರಿ, ವಿನ್ಯಾಸ ಮಂಜೂರಾತಿಯ ಷರತ್ತಿನಂತೆ ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ಬಿಟ್ಟುಕೊಟ್ಟ ಜಾಗವಾಗಿರುತ್ತದೆ. ಕಟ್ಟಿದವರು ತಮ್ಮದೇ ಜಮೀನಿನಲ್ಲಿ ತೋಡಿದ ಕೆರೆಯಾಗಿದ್ದರೆ ಮಾತ್ರ ಸಂಘದ ಒಡೆತನದ ಪ್ರಶ್ನೆ ಏಳುತ್ತದೆ. ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಸಾಮಾನ್ಯ ಪ್ರದೇಶವನ್ನು ನೋಂದಾಯಿತ ಪತ್ರದ ಮೂಲಕ ನಿವೇಶನದಾರರ ಸಂಘಕ್ಕೆ ಇಲ್ಲವೇ ಸಕ್ಷಮ ಪ್ರಾಧಿಕಾರಕ್ಕೆ ವರ್ಗಾಯಿಸಬೇಕು. ಆ ಪತ್ರವಾಗುವ ಮೊದಲೇ ಕೆರೆಯ ಖರ್ಚನ್ನೆಲ್ಲ ಹೊತ್ತುಕೊಳ್ಳುವ ಸಂಘಗಳು, ಮುಂದೆ ಏನಾದರೂ ಹಾನಿಯಾದಾಗ ಹೊಣೆಯನ್ನೂ ತಾವೇ ಹೊರಬೇಕಾದ ಸ್ಥಿತಿಗೆ ಬರುತ್ತವೆ.

ಹೊಣೆ ಎಂದರೆ ಮುಖ್ಯವಾಗಿ ಒಡ್ಡಿನದು. ನಿವಾಸಿಗಳ ಕಣ್ಣು ನೀರಿನ ಮೇಲಿರುತ್ತದೆ, ಅಪಾಯವಿರುವುದು ಒಡ್ಡಿನಲ್ಲಿ ಮತ್ತು ಹೆಚ್ಚಾದ ನೀರು ಹೊರಹರಿಯುವ ಕೋಡಿಯಲ್ಲಿ. ಒಂದು ಎಕರೆಯ ಮೇಲೆ ಒಂದು ದಿನ ನೂರು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4 ಲಕ್ಷ ಲೀಟರ್ ನೀರು. ನಲವತ್ತು ಎಕರೆ ಬಡಾವಣೆಯ ನೀರು ಕೆರೆಯ ಕಡೆಗೆ ಇಳಿಯುತ್ತದೆ ಎಂದಿಟ್ಟುಕೊಂಡರೆ ಅದು 1 ಕೋಟಿ 60 ಲಕ್ಷ ಲೀಟರ್. ಹೊಲವಾಗಿದ್ದಾಗ ಇದರಲ್ಲಿ ಸಾಕಷ್ಟನ್ನು ಮಣ್ಣು ಹೀರುತ್ತಿತ್ತು, ಉಳಿದದ್ದು ನಿಧಾನವಾಗಿ ಹರಿದು ಬರುತ್ತಿತ್ತು. ಈಗ ಕಾಂಕ್ರೀಟ್ ರಸ್ತೆ, ಆರ್‌ಸಿಸಿ ಮಾಳಿಗೆ, ಟೈಲ್ಸ್ ಹಾಕಿದ ಅಂಗಳಗಳಿಂದ ಅದರಲ್ಲಿ ಹೆಚ್ಚಿನ ನೀರು ಕೆಲವೇ ತಾಸುಗಳಲ್ಲಿ ಕೆರೆಗೆ ನುಗ್ಗುತ್ತದೆ. ಪುನರ್ವಸು, ಪುಷ್ಯ ಮಳೆಗಳು ಬಿರುಸಾದಾಗ ನಮ್ಮ ಕಡೆ ಹೀಗಾಗುವುದು ಅಪರೂಪವಲ್ಲ. 2019ರ ಆಗಸ್ಟಿನಲ್ಲಿ ಬಳ್ಳಾರಿ ನಾಲಾ ಮತ್ತು ಮಾರ್ಕಂಡೇಯ ನದಿಯ ಆಸುಪಾಸಿನವರು ಕಂಡ ನೆರೆ ಇನ್ನೂ ಎಲ್ಲರ ನೆನಪಿನಲ್ಲಿದೆ.

ಇಂಥ ಹೊತ್ತಿನಲ್ಲಿ ಒಡ್ಡನ್ನು ಕಾಯುವುದು ಕೋಡಿ ಒಂದೇ. ಆದರೆ ಬಡಾವಣೆಗಳಲ್ಲಿ ನಡೆಯುವುದನ್ನು ನೋಡಿ: ಕೆರೆ ಸದಾ ತುಂಬಿ ಕಾಣಲೆಂದು ಕೋಡಿಯ ಬಾಯಿಗೆ ಹಲಗೆ ಇಟ್ಟು, ಮರಳಿನ ಚೀಲ ಒಟ್ಟಿ ನೀರಿನ ಮಟ್ಟವನ್ನು ಏರಿಸುತ್ತಾರೆ. ಮೀನು ಹೊರಹೋಗದಿರಲೆಂದು ಬಲೆ ಕಟ್ಟುತ್ತಾರೆ, ಆ ಬಲೆಗೆ ಕಸಕಡ್ಡಿ, ಪ್ಲಾಸ್ಟಿಕ್ ಸಿಕ್ಕಿ ಕೋಡಿ ಮುಚ್ಚಿಹೋಗುತ್ತದೆ. ನೀರು ಮಣ್ಣಿನ ಒಡ್ಡಿನ ತಲೆಯ ಮೇಲೆ ಹರಿಯತೊಡಗಿತೆಂದರೆ ಒಡ್ಡು ಕೊರೆದುಹೋಗಲು ಬಹಳ ಹೊತ್ತು ಬೇಡ. ಒಡ್ಡಿನ ಮೇಲೆ ಅಂದಕ್ಕೆಂದು ನೆಟ್ಟ ದೊಡ್ಡ ಮರಗಳೂ ಹಾಗೆಯೇ. ಮರ ಸತ್ತು ಬೇರು ಕೊಳೆತ ಮೇಲೆ ಒಳಗೆ ಉಳಿಯುವ ಪೊಳ್ಳಿನಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಒಡ್ಡಿನ ಹಿಂಬದಿಯ ಬುಡದಲ್ಲಿ ತಿಳಿನೀರು ಸಣ್ಣಗೆ ಜಿನುಗಿದರೆ ಗಮನ ಇಟ್ಟಿರಬೇಕು, ರಾಡಿನೀರು ಬಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದು ತಿಳಿದು ಅಂದೇ ಎಂಜಿನಿಯರನ್ನು ಕರೆಸಬೇಕು. ಇಷ್ಟನ್ನು ನೋಡಲು ಮಳೆಗಾಲಕ್ಕೆ ಮುನ್ನ ಒಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಡ್ಡಿನ ಉದ್ದಕ್ಕೂ ನಡೆದು ಬರೆದಿಡುವ ಒಬ್ಬ ಮನುಷ್ಯ ಸಾಕು. ಹುಲ್ಲುಹಾಸು ಕತ್ತರಿಸಲು ಆಳು ಇಟ್ಟುಕೊಳ್ಳುವ ಸಂಘಗಳು ಈ ಕೆಲಸಕ್ಕೆ ಯಾರನ್ನೂ ನೇಮಿಸದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ, ಏಕೆಂದರೆ ಒಡ್ಡು ಒಡೆದರೆ ಮೊದಲು ಮುಳುಗುವುದು ಕೆರೆ ದಂಡೆಯ ಮನೆಗಳಲ್ಲ, ಕೆಳಗಿನ ರೈತರ ಬೆಳೆ ಮತ್ತು ದನದ ಕೊಟ್ಟಿಗೆಗಳು.

ಕಾನೂನು ನೋಡಿಕೊಳ್ಳುತ್ತದೆ ಎಂದು ಕೂರುವಂತಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯವಾಗುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಮತ್ತು ಕೆಲವು ಷರತ್ತುಗಳೊಂದಿಗೆ 10ರಿಂದ 15 ಮೀಟರಿನವುಗಳಿಗೆ. ಬಡಾವಣೆಯ ಒಡ್ಡುಗಳು ಅದರ ಲೆಕ್ಕಕ್ಕೇ ಬರುವುದಿಲ್ಲ. ಖಾಸಗಿ ಕೆರೆಯ ಸುತ್ತ ಮನೆ ಕಟ್ಟಿಕೊಳ್ಳುವ ರೂಢಿ ಬಲವಾಗಿರುವ ಅಮೆರಿಕದಲ್ಲಿ ಏನಾಯಿತೆಂಬುದನ್ನು ಇಲ್ಲಿ ನೆನೆಯಬೇಕು. ಮಿಷಿಗನ್ ರಾಜ್ಯದ ಈಡನ್‌ವಿಲ್ ಅಣೆಕಟ್ಟು ಆಗ ಖಾಸಗಿ ಕಂಪನಿಯದಾಗಿತ್ತು. ಅದರ ಕೋಡಿಗೆ ದೊಡ್ಡ ನೆರೆಯನ್ನು ಹೊರಬಿಡುವ ಸಾಮರ್ಥ್ಯವಿಲ್ಲವೆಂದು ಅಲ್ಲಿನ ಕೇಂದ್ರ ಇಂಧನ ನಿಯಂತ್ರಣ ಆಯೋಗ 2018ರಲ್ಲಿ ವಿದ್ಯುತ್ ಉತ್ಪಾದನೆಯ ಪರವಾನಗಿಯನ್ನೇ ರದ್ದು ಮಾಡಿತ್ತು. 2020ರ ಮೇ 19ರಂದು ಅದು ಒಡೆದು, ಸುಮಾರು ಹತ್ತು ಸಾವಿರ ಜನ ಮನೆ ಬಿಟ್ಟು ಓಡಬೇಕಾಯಿತು, ಅದರ ಹಿಂದಿದ್ದ ಕೆರೆ ಬರಿದಾಯಿತು. ಮುಂದೆ ಅಣೆಕಟ್ಟುಗಳನ್ನು ಮತ್ತೆ ಕಟ್ಟುವ ವೆಚ್ಚಕ್ಕಾಗಿ ವಿಶೇಷ ವಂತಿಗೆ ಬಿದ್ದದ್ದು ಕೆರೆಯಂಚಿನ ಆಸ್ತಿದಾರರ ಮೇಲೆ, ಅದರ ವಿರುದ್ಧ ಅವರು ನ್ಯಾಯಾಲಯದ ಮೆಟ್ಟಿಲೂ ಹತ್ತಿದರು.

ಹಣದ ವಿಷಯಕ್ಕೆ ಬಂದರೆ, ನಮ್ಮ ಬಡಾವಣೆಗಳ ಅನೇಕ ನಿವೇಶನದಾರರು ಇರುವುದು ಪುಣೆ, ಬೆಂಗಳೂರು, ಗೋವಾಗಳಲ್ಲಿ. ಬೆಲೆ ಏರಲೆಂದು ನಿವೇಶನ ಕೊಂಡವರು ವಂತಿಗೆ ಕೊಡಲು ಹಿಂದೆಮುಂದೆ ನೋಡುತ್ತಾರೆ. ಕೆರೆಯ ಖರ್ಚನ್ನು ಕೆರೆಗೆ ಮುಖಮಾಡಿದವರೇ ಕೊಡಲಿ ಎಂಬ ವಾದ ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಎಲ್ಲರ ಮಾಳಿಗೆಯ ನೀರೂ ಎಲ್ಲರ ರಸ್ತೆಯ ನೀರೂ ಅದೇ ಕೆರೆಗೆ ಹರಿಯುವಾಗ, ನಿವೇಶನದ ವಿಸ್ತೀರ್ಣದ ಮೇಲೆ ಎಲ್ಲರೂ ಕೊಡುವುದೇ ನ್ಯಾಯ. ಒಡ್ಡು, ಕೋಡಿ ಮತ್ತು ಹೂಳಿನ ಕೆಲಸಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಮೀಸಲು ನಿಧಿ ಇರಬೇಕು, ಸರ್ವಸದಸ್ಯರ ಸಭೆಯ ಒಪ್ಪಿಗೆಯಿಲ್ಲದೆ ಅದನ್ನು ದೀಪಾಲಂಕಾರಕ್ಕೋ ಕಾರಂಜಿಗೋ ಮುಟ್ಟಬಾರದು.

1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಬಿಡಿ ನಿವೇಶನಗಳಿಗೆ ಹೊಂದದ ಕಾರಣ ಹೆಚ್ಚಿನ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇವೆ. ಅದರಂತೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ, ಲೆಕ್ಕಪರಿಶೋಧನೆಯಾದ ಪತ್ರಗಳನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಲೆಕ್ಕ ಕೇಳಿದರೆ ಮುನಿಸಿಕೊಳ್ಳುವ ಪದಾಧಿಕಾರಿಗಳಿರುವ ಕಡೆ, ಮೂರನೇ ಒಂದರಷ್ಟು ಸದಸ್ಯರು ಅರ್ಜಿ ಕೊಟ್ಟು ವಿಚಾರಣೆ ಕೋರಲು ಅವಕಾಶವಿದೆ. ಇದು ಜಗಳಕ್ಕಾಗಿ ಅಲ್ಲ. ಲೆಕ್ಕ ಬಿಚ್ಚಿಟ್ಟ ಸಂಘಕ್ಕೆ ಪುಣೆಯಲ್ಲಿರುವವರೂ ಹಣ ಕಳಿಸುತ್ತಾರೆ ಎಂಬುದು ನನ್ನ ಅನುಭವ.

ನೀರಿನ ಗುಣಮಟ್ಟದ ಬಗ್ಗೆ ಇಷ್ಟೇ ಹೇಳುತ್ತೇನೆ. ಸಂಸ್ಕರಿಸದ ಬಚ್ಚಲು ನೀರು ಮತ್ತು ಹುಲ್ಲುಹಾಸಿಗೆ ಸುರಿದ ಗೊಬ್ಬರ ಕೆರೆ ಸೇರಿದರೆ ಪಾಚಿ ಹಬ್ಬಿ, ಅದು ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ. ಅದಕ್ಕೆ ಔಷಧ ಸಿಂಪಡಿಸುವ ಗುತ್ತಿಗೆದಾರರನ್ನು ಹುಡುಕುವ ಮೊದಲು ಬಚ್ಚಲಿನ ಪೈಪು ಎಲ್ಲಿಗೆ ಹೋಗಿದೆ ಎಂದು ನೋಡಬೇಕು.

ಜಿಲ್ಲಾಡಳಿತ ಮತ್ತು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ನನ್ನ ವಿನಂತಿ ಇದು. ಕೆರೆ ಇರುವ ಬಡಾವಣೆಯ ವಿನ್ಯಾಸಕ್ಕೆ ಮಂಜೂರಾತಿ ಕೊಡುವಾಗ ಒಡ್ಡಿನ ಅಡ್ಡಸೀಳು ನಕ್ಷೆ, ಕೋಡಿಯ ಸಾಮರ್ಥ್ಯದ ಲೆಕ್ಕ, ಕೋಡಿ ನೀರು ಹರಿದುಹೋಗುವ ಹಳ್ಳದ ದಾರಿ ಮತ್ತು ಒಡೆತನದ ದಾಖಲೆಯನ್ನು ಕಡ್ಡಾಯ ಮಾಡಬೇಕು, ಅವುಗಳ ಪ್ರತಿಯನ್ನು ಹಸ್ತಾಂತರದ ದಿನವೇ ಸಂಘಕ್ಕೆ ಕೊಡಿಸಬೇಕು. ಈಗಾಗಲೇ ಇರುವ ಬಡಾವಣೆಗಳಲ್ಲಿ ಸಣ್ಣ ನೀರಾವರಿ ಇಲಾಖೆಯ ಎಂಜಿನಿಯರರಿಂದ ಬರುವ ಮಳೆಗಾಲದೊಳಗೆ ಒಮ್ಮೆ ಪರಿಶೀಲನೆ ಮಾಡಿಸಬೇಕು, ಅದರ ಶುಲ್ಕವನ್ನು ಸಂಘಗಳಿಂದ ವಸೂಲಿ ಮಾಡಿದರೂ ತಪ್ಪಿಲ್ಲ. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಾಣಿಸಿಕೊಂಡ ದೋಷವನ್ನು ಕಟ್ಟಿದವರೇ ಉಚಿತವಾಗಿ ಸರಿಪಡಿಸಬೇಕೆಂದು ರೇರಾ ಹೇಳುತ್ತದೆ. ಆ ಅವಧಿ ಇನ್ನೂ ಮುಗಿಯದ ಸಂಘಗಳು ಒಡ್ಡಿನ ಬಿರುಕು, ಜಿನುಗುವಿಕೆಗಳ ಬಗ್ಗೆ ಇಂದೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಲಿ.

– ನಿವೇಶನದಾರರ ಸಂಘವೊಂದರ ಸದಸ್ಯ, ಬೆಳಗಾವಿ