ಮೀಟರ್ ಪೆಟ್ಟಿಗೆಯ ತೂತನ್ನೂ ನೋಡಿ

ಮಾನ್ಯ ಸಂಪಾದಕರೇ,

ಮೀಟರ್ ಬೋರ್ಡ್ ಸುಟ್ಟ ಸುದ್ದಿಗಳು ಸಾಮಾನ್ಯವಾಗಿ ‘ಶಾರ್ಟ್ ಸರ್ಕ್ಯೂಟ್’ ಎಂಬ ಮಾತಿಗೆ ಬಂದು ನಿಲ್ಲುತ್ತವೆ. ಶಾರ್ಟ್ ಆದದ್ದು ಯಾಕೆ ಎಂದು ಹುಡುಕಿದರೆ, ಪೆಟ್ಟಿಗೆಗೆ ಕೇಬಲ್ ಹೊಗುವ ತೂತಿನಲ್ಲೋ ಒಳಗೆ ವೈರ್ ಮಡಚಿದ ಜಾಗದಲ್ಲೋ ಉತ್ತರ ಸಿಗುವುದುಂಟು.

ಕಬ್ಬಿಣದ ಪೆಟ್ಟಿಗೆಯ ನಾಕೌಟ್ (ಕೇಬಲ್ ತೂರಿಸಲೆಂದು ಅರ್ಧ ಕತ್ತರಿಸಿಟ್ಟ ಬಿಲ್ಲೆ) ಬಡಿದು ತೆಗೆದಾಗ ಉಳಿಯುವ ಅಂಚು ಬ್ಲೇಡಿನ ಹಾಗಿರುತ್ತದೆ. ಬುಷ್ (ಅಂಚನ್ನು ಮುಚ್ಚುವ ಬಳೆ) ಹಾಕದೆ ವೈರ್ ಎಳೆದರೆ ಅದರ ಮೇಲಿನ ಪಿವಿಸಿ ಹೊದಿಕೆ ಅವತ್ತೇ ಹರಿಯುವುದಿಲ್ಲ, ಗೀರು ಬೀಳುತ್ತದೆ ಅಷ್ಟೆ. ಆಮೇಲೆ ವೈರ್ ಬಿಸಿಯಾದಾಗೆಲ್ಲ ಪಿವಿಸಿ ಮೆತ್ತಗಾಗಿ ಅಂಚು ಇನ್ನಷ್ಟು ಒಳಗಿಳಿಯುತ್ತದೆ. ವೈರ್ ಪೈಪಿನಲ್ಲಿ ಬರುವುದಾದರೆ ಪೈಪಿನ ತುದಿಗೆ ಅಡಾಪ್ಟರ್ ಕೂರಿಸಿ ಪೆಟ್ಟಿಗೆಯ ಒಳಗಿನಿಂದ ಚೆಕ್‌ನಟ್ ಬಿಗಿಯಬೇಕು. ಆರ್ಮರ್ಡ್ ಕೇಬಲ್‌ಗೆ (ಒಳಗೆ ಉಕ್ಕಿನ ತಂತಿಯ ಕವಚವಿರುವುದು) ಅದರ ಅಳತೆಯದ್ದೇ ಗ್ಲ್ಯಾಂಡ್, ಅಂದರೆ ತೂತಿನಲ್ಲಿ ಕೇಬಲನ್ನು ಬಿಗಿಯುವ ಲೋಹದ ಜೋಡಣೆ ಬೇಕು, ಮಳೆ ಬೀಳುವ ಕಡೆ ಎರಡು ಕಡೆ ಬಿಗಿಯುವ ಡಬಲ್ ಕಂಪ್ರೆಷನ್ನಿನದು. ಕೇಬಲನ್ನು ಹಿಡಿದಿಡುವುದರ ಜೊತೆಗೆ ಆರ್ಮರ್ ತಂತಿಗಳನ್ನು ಪೆಟ್ಟಿಗೆಗೆ, ಅಲ್ಲಿಂದ ಅರ್ಥಿಂಗ್‌ಗೆ ಸೇರಿಸುವುದೂ ಗ್ಲ್ಯಾಂಡೇ. ಆರ್ಮರ್ ಕತ್ತರಿಸಿ ತೂತಿಗೆ ಅಂಟು ಮೆತ್ತಿದರೆ ನೀರು ಒಳಬರುವುದು ತಪ್ಪೀತು, ಅರ್ಥಿಂಗ್ ಸಿಗದು.

ಹೊರಗೋಡೆಯ ಪೆಟ್ಟಿಗೆಗೆ ಕೇಬಲ್ ಕೆಳಗಿನಿಂದಲೇ ಹೋಗಬೇಕು. ಮೇಲಿನಿಂದ ಇಳಿದ ಪೈಪ್ ಮಳೆನೀರನ್ನು ಸೀದಾ ಎಂಸಿಬಿಯ (ಓವರ್‌ಲೋಡ್ ಆದಾಗ ತಾನಾಗಿ ಬೀಳುವ ಸ್ವಿಚ್) ನೆತ್ತಿಗೆ ತಂದು ಸುರಿಯುತ್ತದೆ. ಕೇಬಲ್ ಮೇಲಿನಿಂದಲೇ ಬರುವುದಾದರೆ ಪೆಟ್ಟಿಗೆಯ ಪಕ್ಕದಲ್ಲಿ ಕೆಳಕ್ಕಿಳಿಸಿ, ತೊಟ್ಟಿಲ ಹಾಗೆ ಬಾಗಿಸಿ, ತಳದಿಂದ ಒಳಕ್ಕೆ ಒಯ್ಯಬೇಕು. ದುಡ್ಡು ಸುರಿದು, ಧೂಳು ನೀರು ತಡೆಯುವ ಐಪಿ 55 ದರ್ಜೆಯ ಪೆಟ್ಟಿಗೆ ತಂದು ಒಂದು ತೂತು ತೆರೆದು ಬಿಟ್ಟರೆ ಆ 55ಕ್ಕೆ ಅರ್ಥವಿಲ್ಲ. ಹಲ್ಲಿ ಒಳಹೊಕ್ಕು ಎರಡು ಫೇಸ್‌ಗಳ ನಡುವೆ ಕರಕಲಾಗುವುದೂ ಇದೇ ದಾರಿಯಲ್ಲಿ. ಬಳಸದ ತೂತಿಗೆ ಪ್ಲಗ್ ಹಾಕಿ.

ಕಬ್ಬಿಣದ ತಗಡಿನಲ್ಲಿ ಫೇಸಿಗೊಂದು ತೂತು ಕೊರೆದು ‘ನೀಟಾಗಿ’ ವೈರ್ ಬಿಡುವವರಿದ್ದಾರೆ. ಚೆಂದವೇನೋ ಹೌದು, ಆದರೆ ಒಂಟಿ ವೈರಿನ ಸುತ್ತ ಕಬ್ಬಿಣವಿದ್ದರೆ ಅದರ ಕಾಂತಕ್ಷೇತ್ರಕ್ಕೆ ತಗಡೇ ಕಾಯುತ್ತದೆ. ಅಪಾರ್ಟ್‌ಮೆಂಟಿನ ಫೀಡರ್‌ನಂತೆ (ಮುಖ್ಯ ಪೂರೈಕೆ ಲೈನ್) ನೂರಾರು ಆಂಪಿಯರ್ ಹರಿಯುವ ಕಡೆ ಕೈ ಇಡಲಾಗದಷ್ಟು. ಮೂರೂ ಫೇಸ್ ಮತ್ತು ನ್ಯೂಟ್ರಲ್ ಒಂದೇ ತೂತಿನಲ್ಲಿ ಹೋಗಲಿ. ಆಗದಿದ್ದರೆ ಆ ಜಾಗಕ್ಕೆ ಅಲ್ಯೂಮಿನಿಯಂ ತಗಡು ಹಾಕಿ.

ಇನ್ನು ತಿರುವಿನ ಮಾತು. ಕೇಬಲ್ ಹಾಕುವ ಭಾರತೀಯ ಮಾನಕ ಐಎಸ್ 1255ರ ಪ್ರಕಾರ 1.1 ಕಿಲೋವೋಲ್ಟ್‌ವರೆಗಿನ ಬಹುಕೋರ್ (ಒಳಗೆ ಒಂದಕ್ಕಿಂತ ಹೆಚ್ಚು ವೈರ್ ಇರುವ) ಪಿವಿಸಿ ಕೇಬಲ್‌ನ ತಿರುವಿನ ತ್ರಿಜ್ಯ ಅದರ ಹೊರವ್ಯಾಸದ 12 ಪಟ್ಟಿಗಿಂತ ಕಡಿಮೆ ಇರಕೂಡದು. ನಾಲ್ಕು ಕೋರಿನ 16 ಚದರ ಮಿ.ಮೀ. ಆರ್ಮರ್ಡ್ ಕೇಬಲ್ ಸುಮಾರು 23 ಮಿ.ಮೀ. ದಪ್ಪ, ಅಂದರೆ ತ್ರಿಜ್ಯ ಹತ್ತಿರ ಹತ್ತಿರ ಒಂದು ಅಡಿ. ನೆಲದಿಂದ ಅರ್ಧ ಅಡಿಗೆ ಪೆಟ್ಟಿಗೆ ಕೂರಿಸಿದರೆ ಇದು ಎಲ್ಲಿಂದ ಸಿಗಬೇಕು? ಪೆಟ್ಟಿಗೆಯೊಳಗೂ ಅಷ್ಟೆ: ಗ್ಲ್ಯಾಂಡಿಗೂ ಟರ್ಮಿನಲ್‌ಗೂ ಅಂತರ ಸಾಲದಿದ್ದರೆ ಮಡಚಿದ ಕೋರ್ ಸ್ಪ್ರಿಂಗಿನ ಹಾಗೆ ಟರ್ಮಿನಲನ್ನು ಸದಾ ತಳ್ಳುತ್ತಿರುತ್ತದೆ. ಕೋರ್ ಅಲ್ಯೂಮಿನಿಯಂನದಾದರೆ ಅದು ಸ್ಕ್ರೂ ಬಿಗಿದ ಕಡೆ ತಾನಾಗಿಯೇ ಚಪ್ಪಟೆಯಾಗುವ ಲೋಹ. ಹಿಡಿತ ಸಡಿಲವಾಗಿ, ಕಾದು, ಕಪ್ಪಾಗುತ್ತದೆ. ಪ್ಲೈಯರ್‌ನಲ್ಲಿ ಹಿಡಿದು ಹಿಂದೆ ಮುಂದೆ ಬಗ್ಗಿಸಿದರಂತೂ ಎಳೆಗಳೇ ಮುರಿಯುತ್ತವೆ. ಅಲ್ಯೂಮಿನಿಯಂ ಕೋರನ್ನು ತಾಮ್ರದ ಟರ್ಮಿನಲ್‌ಗೆ ಕೊಡುವಾಗ ಬೈಮೆಟಾಲಿಕ್ ಲಗ್ (ಎರಡೂ ಲೋಹ ಸೇರಿದ ತುದಿ) ಒತ್ತಿಸಿ ಕೊಡಬೇಕು.

ಪೈಪಿನಲ್ಲಿ ತುರುಕುವುದೂ ಇದರ ಅಣ್ಣತಮ್ಮ. ಕೇಂದ್ರ ಲೋಕೋಪಯೋಗಿ ಇಲಾಖೆಯ ಕೋಷ್ಟಕದಂತೆ ತಿರುವುಳ್ಳ 20 ಮಿ.ಮೀ. ಪೈಪಿಗೆ 4 ಚದರ ಮಿ.ಮೀ.ನ ಎರಡೇ ವೈರ್. ಏರ್ ಕಂಡಿಷನರ್‌ಗೆ ಬೇಕಾದದ್ದು ಫೇಸ್, ನ್ಯೂಟ್ರಲ್, ಅರ್ಥ್ ಸೇರಿ ಮೂರು. ಹಾಗಾಗಿ 25 ಮಿ.ಮೀ. ಪೈಪೇ ಬೇಕು. ಮೋಲ್ಡ್ ಹಾಕಿದ ಮೇಲೆ ಇದನ್ನು ಬದಲಿಸಲಾಗದು.

ಗುತ್ತಿಗೆದಾರರು ಕೊಡುವ ಕೆಲಸ ಮುಗಿದ ವರದಿಯ ಜೊತೆಗೆ ಮುಚ್ಚಳ ತೆಗೆದ ಪೆಟ್ಟಿಗೆಯ ಒಂದು ಫೋಟೊವನ್ನೂ ವಿದ್ಯುತ್ ಸರಬರಾಜು ಕಂಪನಿಗಳು ಕೇಳಲಿ. ಮನೆಯವರೂ ಮೀಟರಿಗೆ ಸೀಲ್ ಬೀಳುವ ಮೊದಲೇ ತೂತು, ಗ್ಲ್ಯಾಂಡ್, ತಿರುವು ಮೂರನ್ನೂ ನೋಡಿಕೊಳ್ಳಲಿ. ಸೀಲ್ ಬಿದ್ದ ಮೇಲೆ ಅದನ್ನು ಬಿಚ್ಚುವ ಹಕ್ಕು ಅವರಿಗಿಲ್ಲ.

– ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರು, ತುಮಕೂರು